ಗೃಹಲಕ್ಷ್ಮಿಯೋ, ಗೃಹಸ್ವಾಮಿನಿಯೋ?

ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಸ್ತ್ರೀಯರ ಪ್ರಸ್ತಾಪವು ಬಂದಾಗಲೆಲ್ಲ ಮೂರು ಮಾತುಗಳು ತಪ್ಪದೆ ಕೇಳಿಬರುವವು. ಗೃಹವೆಂದರೆ ಗೋಡೆ-ಮಾಳಿಗೆಗಳಲ್ಲ, ಗೃಹಿಣಿಯೇ ಗೃಹವು; ಆದುದರಿಂದ ಆಕೆಯನ್ನು ಮನೆ ಬೆಳಗುವ ಲಕ್ಷ್ಮಿಯಾಗಿ ಚಿತ್ರಿಸುವದೇ ಸತ್ಕಾವ್ಯದ ಲಕ್ಷಣವು ಎಂಬುದು ಮೊದಲನೆಯ ಮಾತು. ಮನೆಯನ್ನು ತೊರೆದು ಹೊರನಡೆದವಳೊಬ್ಬಳೇ ಸ್ವತಂತ್ರಳು, ಒಳಗುಳಿದವರದೆಲ್ಲ ಬರಿಯ ದಾಸ್ಯದ ಕಥೆಯು ಎಂಬುದು ಸುಧಾರಕರೆನಿಸಿಕೊಂಡವರ ಎರಡನೆಯ ಮಾತು. ಸ್ತ್ರೀಯರು ತಾವೇ ಲೇಖನಿಯನ್ನು ಹಿಡಿದರೆ ಅತ್ತೆ-ಸೊಸೆ, ಹೆರಿಗೆ-ಬಾಣಂತನ, ಒಲೆ-ಒರಳುಗಳ ಆಚೆಗೆ ಹೋಗಲಾರರು, ಅದು ‘ಅಡುಗೆಮನೆಯ ಸಾಹಿತ್ಯ’ ಎಂಬುದು ವಿಮರ್ಶಕರ ಮೂರನೆಯ ಮಾತು.

ಈ ಮೂರು ಪಕ್ಷದವರು ಒಬ್ಬರನ್ನೊಬ್ಬರು ಕಂಡರೆ ಮೋರೆ ತಿರುಹುವರು. ಆದರೆ ಸೂಕ್ಷ್ಮವಾಗಿ ವಿಚಾರಿಸಿದರೆ ಮೂವರೂ ಒಂದೇ ಅಡಿಗಲ್ಲಿನ ಮೇಲೆ ನಿಂತಿರುವರು. ಮನೆಯು ಪುರುಷನದು ಎಂಬುದೇ ಆ ಅಡಿಗಲ್ಲು. ಪುರುಷನದಾದ ಮನೆಗೆ ಆಕೆಯು ಅಲಂಕಾರವೆಂದು ಮೊದಲನೆಯವರು, ಆ ಮನೆಯಲ್ಲಿ ಸೆರೆಯಾಳೆಂದು ಎರಡನೆಯವರು, ಅಲ್ಲಿಯ ಕ್ಷುಲ್ಲಕ ವಿಷಯಗಳನ್ನು ಬಿಟ್ಟು ಮೇಲೇಳಲಾರಳೆಂದು ಮೂರನೆಯವರು ಹೇಳುವರು. ಮನೆಯು ಆಕೆಯದೂ ಅಹುದು, ಮನೆಯ ನ್ಯಾಯಾನ್ಯಾಯಗಳನ್ನು ನಿರ್ಣಯಿಸುವ ಅಧಿಕಾರವು ಆಕೆಗೂ ಉಂಟು, ಕನ್ನಡದ ಸ್ತ್ರೀಯರು ಎಂಟುನೂರು ವರ್ಷಗಳಿಗೂ ಮಿಕ್ಕಿ ಈ ಅಧಿಕಾರವನ್ನೇ ತಮ್ಮ ಸಾಹಿತ್ಯದಲ್ಲಿ ಚಲಾಯಿಸುತ್ತ ಬಂದಿರುವರು ಎಂಬುದು ನಮ್ಮ ಸಿದ್ಧಾಂತವು. ಪೂರ್ವಪಕ್ಷಗಳನ್ನು ಒಂದೊಂದಾಗಿ ಎತ್ತಿಕೊಂಡು ಇದನ್ನು ಸ್ಥಾಪಿಸಲು ಯತ್ನಿಸುವೆವು.

ಗೃಹಿಣಿಯೇ ಗೃಹವೆಂಬ ಸುಭಾಷಿತವನ್ನು ಮದುವೆಯ ಮಂಟಪಗಳಲ್ಲಿ ಕೇಳದವರಿಲ್ಲ. ಕಿವಿಗೆ ಅದು ಇಂಪಾಗಿರುವದೂ ನಿಜ. ಆದರೆ ವ್ಯಾಕರಣ ಓದಿದವರಿಗೆ ಸ್ವ-ಸ್ವಾಮಿಸಂಬಂಧವೆಂಬುದು ಪರಿಚಿತವಾದ ಮಾತು. ಸೊತ್ತು ಬೇರೆ, ಸೊತ್ತಿನ ಒಡೆಯನು ಬೇರೆ; ಇವೆರಡೂ ಒಂದೇ ಆದರೆ ಸಂಬಂಧವೆಂಬುದಕ್ಕೆ ಅವಕಾಶವಿಲ್ಲ. ಗೃಹಿಣಿಯೇ ಗೃಹವಾಗಿಬಿಟ್ಟರೆ ಆಕೆಯು ಗೃಹದ ಒಡತಿಯಾಗುವದು ಹೇಗೆ? ಗೋಡೆಯು ತನ್ನನ್ನು ತಾನು ಆಳಲಾರದು. ಹೊಗಳುವ ನೆಪದಲ್ಲಿ ಆಕೆಯಿಂದ ಕಸಿದುಕೊಂಡದ್ದು ಒಡೆತನವನ್ನೇ. ಅರ್ಥವಾದವನ್ನು ಕೇಳಿ ಮೈಮರೆಯದೆ ಅದರ ಬೆನ್ನಿಗಿರುವ ವಿಧಿಯನ್ನು ಹುಡುಕಬೇಕೆಂದು ಮೀಮಾಂಸಕರು ಕಲಿಸುವರು. ಇಲ್ಲಿ ಹೊಗಳಿಕೆಯ ಬೆನ್ನಿಗಿರುವ ವಿಧಿಯು ಇಷ್ಟೇ: ನೀನು ಮನೆಯಾಗಿರು, ಮನೆಯ ವಿಷಯದಲ್ಲಿ ಮಾತನಾಡಬೇಡ.

ಇದೇ ರೋಗವು ನಮ್ಮ ಕಾವ್ಯಾಭಿರುಚಿಗೂ ಹತ್ತಿರುವದು. ಕಾವ್ಯಗಳಲ್ಲಿ ನಾಟಕವು ರಮ್ಯವು, ನಾಟಕಗಳಲ್ಲಿ ಶಾಕುಂತಲವು, ಅದರಲ್ಲಿಯೂ ನಾಲ್ಕನೆಯ ಅಂಕವು, ಆ ಅಂಕದಲ್ಲಿಯೂ ನಾಲ್ಕು ಶ್ಲೋಕಗಳು ಎಂದು ಪಾಠಶಾಲೆಗಳಲ್ಲಿ ತಲೆತಲಾಂತರದಿಂದ ಹೇಳಿಕೊಡುತ್ತ ಬಂದಿರುವರು. ಪಂಡಿತರು ಎಣಿಸುವ ಆ ಶ್ಲೋಕಗಳು ಯಾರ ಬಾಯಿಯವು? ಕಣ್ವನವು. ಮಗಳನ್ನು ಕಳುಹುವ ತಂದೆಯ ಕಣ್ಣೀರೂ ಮಗಳಿಗೆ ಕೊಟ್ಟ ಬುದ್ಧಿಯ ಮಾತೂ ಅವುಗಳಲ್ಲಿರುವವು. ಕನ್ಯೆಯು ಪರರ ಸೊತ್ತು, ಇಡುಗಂಟನ್ನು ಒಡೆಯನಿಗೆ ಮರಳಿಸಿದಂತೆ ಮನಸ್ಸು ಹಗುರಾಯಿತು ಎಂಬರ್ಥದ ಮಾತಿನಿಂದಲೇ ಆ ಅಂಕವು ಮುಗಿಯುವದು. ನಾವೆಲ್ಲ ಅದನ್ನು ಓದಿ ಕಣ್ಣೊರಸಿಕೊಳ್ಳುವೆವು. ಆದರೆ ಐದನೆಯ ಅಂಕವೊಂದು ಇರುವದಷ್ಟೆ! ಅಲ್ಲಿ ಗಂಡನು ತುಂಬಿದ ಸಭೆಯಲ್ಲಿ ಆಕೆಯನ್ನು ಅರಿಯೆನೆನ್ನುವನು. ತವರಿನಿಂದ ಬಂದ ಋಷಿಕುಮಾರರು, ಗಂಡನ ಮನೆಯಲ್ಲಿ ದಾಸಿಯಾಗಿಯಾದರೂ ಇರು ಎಂದು ಹೇಳಿ ಹಿಂದಿರುಗುವರು. ಒಂದು ಕ್ಷಣದಲ್ಲಿ ಆಕೆಗೆ ಎರಡು ಮನೆಗಳೂ ಇಲ್ಲವಾದವು. ಆಗ ಶಕುಂತಲೆಯು ಅರಸನನ್ನು ಅನಾರ್ಯನೆಂದು ಕರೆದು ಜರೆಯುವಳು. ಕಾಳಿದಾಸನು ಇದನ್ನು ಬರೆದಿರುವನು, ಮುಚ್ಚಿಡಲಿಲ್ಲ. ಕವಿಯು ಬರೆದದ್ದನ್ನು ಬಿಟ್ಟು ತಂದೆಯ ನಾಲ್ಕು ಶ್ಲೋಕಗಳನ್ನಷ್ಟೇ ರತ್ನಗಳೆಂದು ಆಯ್ದವರು ನಾವು. ಮಗಳು ಅಳುತ್ತ ಹೋಗುವದು ರಮ್ಯವು, ಮಗಳು ಕೇಳುವದು ರಮ್ಯವಲ್ಲ ಎಂಬುದು ಎಂಥ ರಸಿಕತೆಯು?

ದೂರದ ಹಸ್ತಿನಾವತಿಯನ್ನು ಬಿಟ್ಟು ನಮ್ಮ ಮನೆಬಾಗಿಲಿಗೇ ಬರೋಣ. ಇಡೀ ಭರತಖಂಡದ ಹಿಂದೂ ಕುಟುಂಬಗಳ ದಾಯಭಾಗವನ್ನು ಶತಮಾನಗಳ ಕಾಲ ಆಳಿದ ಗ್ರಂಥವು ನಮ್ಮ ಕಲ್ಯಾಣದಲ್ಲಿಯೇ ಹುಟ್ಟಿತೆಂಬುದನ್ನು ಈ ಪ್ರಾಂತದ ವಾಚಕರು ಅಭಿಮಾನದಿಂದ ನೆನೆಯುವರು. 1076ರಿಂದ 1126ರ ವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಲದ ಕಡೆಗೆ ಜೀಮೂತವಾಹನನ ದಾಯಭಾಗವು ನಡೆಯಿತು. ಉಳಿದ ಹೆಚ್ಚಿನ ದೇಶವು ಕಲ್ಯಾಣದ ಈ ಪಂಡಿತನ ಮಾತಿಗೆ ತಲೆಬಾಗಿತು.

ಆ ಪಂಡಿತನು ಸ್ತ್ರೀಗೆ ಏನು ಕೊಟ್ಟನು? ಅಭಿಮಾನವನ್ನು ಬದಿಗಿಟ್ಟು ಲೆಕ್ಕ ಹಾಕಬೇಕು. ಸ್ತ್ರೀಧನವೆಂದರೆ ಮದುವೆಯ ಒಡವೆ-ವಸ್ತ್ರಗಳಷ್ಟೇ ಎಂದು ಸಂಕೋಚಿಸದೆ, ದಾಯವಾಗಿ ಬಂದದ್ದು, ಕ್ರಯಕ್ಕೆ ಕೊಂಡದ್ದು, ವಿಭಾಗದಲ್ಲಿ ದೊರೆತದ್ದು ಇವೆಲ್ಲವೂ ಸ್ತ್ರೀಧನವೇ ಎಂದು ಅವನು ವಿಸ್ತರಿಸಿ ಹೇಳಿದನು. ವಿಭಕ್ತನಾಗಿ ಅಪುತ್ರನಾಗಿ ಸತ್ತವನ ಧನಕ್ಕೆ ಪತ್ನಿಯೇ ಮೊದಲ ಹಕ್ಕುದಾರಳೆಂದನು. ತಂದೆಯ ಅನಂತರ ಮಕ್ಕಳು ಪಾಲಾಗುವಾಗ ತಾಯಿಗೂ ಮಗನ ಸಮಾನವಾದ ಪಾಲು ಎಂದನು. ಆ ಕಾಲಕ್ಕೆ ಇದು ಸಾಮಾನ್ಯವಾದ ಔದಾರ್ಯವಲ್ಲ. ಆದರೆ ಕುಲದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕನ್ನು ಮಗನಿಗೆ ಕೊಟ್ಟನೇ ಹೊರತು ಮಗಳಿಗೆ ಕೊಡಲಿಲ್ಲ. ಗೋಡೆಯಲ್ಲಿ ಕಿಟಕಿಗಳನ್ನು ಕೊರೆದವನೇ ಬಾಗಿಲನ್ನು ಭದ್ರವಾಗಿ ಹಾಕಿದನು.

ಮುಂದೆ ಆಂಗ್ಲರ ಆಳಿಕೆಯಲ್ಲಿ ಪ್ರಿವಿ ಕೌನ್ಸಿಲಿನವರು ಆ ಕಿಟಕಿಗಳನ್ನೂ ಕಿರಿದು ಮಾಡಿದರು. ದಾಯವಾಗಿ ಬಂದ ಆಸ್ತಿಯ ಮೇಲೆ ಸ್ತ್ರೀಗೆ ಪೂರ್ಣ ಸ್ವಾಮ್ಯವಿಲ್ಲವೆಂದು ತೀರ್ಮಾನಿಸಿದರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತನ್ನ 14ನೆಯ ಕಲಮಿನಿಂದ ಆ ಸ್ವಾಮ್ಯವನ್ನು ಪೂರ್ಣಗೊಳಿಸಿತು. ಕುಲದ ಆಸ್ತಿಯಲ್ಲಿ ಮಗಳ ಜನ್ಮಸ್ವತ್ವವನ್ನು ಕರ್ನಾಟಕವು 1994ರಲ್ಲಿ, ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು, ಜಾರಿಗೆ ತಂದಿತು. ಆ ಹೊರಗಿಡುವಿಕೆಯನ್ನು 2005ರ ಕೇಂದ್ರದ ತಿದ್ದುಪಡಿಯು ತೆಗೆಯಿತು. ತಂದೆಯು ಆ ದಿನ ಜೀವಿಸಿದ್ದನೋ ಇಲ್ಲವೋ ಎಂಬ ತಕರಾರನ್ನು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ಪರಿಹರಿಸಿತು. ಕಲ್ಯಾಣದಲ್ಲಿ ಹಾಕಿದ ಬಾಗಿಲು ತೆರೆಯಲು ಒಂಬತ್ತು ಶತಮಾನಗಳು ಹಿಡಿದವು.

ಸಾಹಿತ್ಯದ ಲೇಖನದಲ್ಲಿ ಈ ದಾಯಭಾಗದ ಮಾತೇಕೆ ಎಂದು ಕೇಳುವವರಿರಬಹುದು. ನಮ್ಮ ನಾರಾಯಣಪುರದ ಚಾಲುಕ್ಯಕಾಲದ ಶಿವಾಲಯವನ್ನು ನೋಡಲು ಬಂದವರು ಹುಮನಾಬಾದ ತಾಲೂಕಿನ ಜಲಸಂಗಿಗೂ ಹೋಗುವದುಂಟು. ಅಲ್ಲಿಯ ದೇವಾಲಯದ ಗೋಡೆಯಲ್ಲಿ ಶಾಸನ ಬರೆಯುವ ಶಿಲಾಬಾಲಿಕೆಯೊಬ್ಬಳಿರುವಳು. ಹೋದವರು ಆಕೆಯ ನಿಲುವಿನ ಬಳುಕನ್ನು ಬಣ್ಣಿಸುತ್ತ ಬರುವರು. ಆಕೆಯ ಕೈಯು ಬರೆಯುತ್ತಿರುವದನ್ನು ಧ್ಯಾನಿಸುವವರು ವಿರಳ. ಬರೆಯುತ್ತಿರುವದಾದರೂ ಏನು? ವಿಕ್ರಮಾದಿತ್ಯನ ಸ್ತುತಿಯನ್ನು. ಬರೆಯುವ ಕೈಯನ್ನು ಆಕೆಗೆ ಕೊಟ್ಟರು, ಬರೆಯುವ ಮಾತನ್ನು ಮಾತ್ರ ತಾವೇ ಇಟ್ಟುಕೊಂಡರು. ಆ ಶಿಲೆಯನ್ನು ಕಡೆದ ಕೆಲವೇ ದಶಕಗಳಲ್ಲಿ, ಆ ಅರಸರ ರಾಜಧಾನಿಯಲ್ಲಿಯೇ, ಮೂವತ್ತಕ್ಕೂ ಹೆಚ್ಚು ಜನ ಜೀವಂತ ಸ್ತ್ರೀಯರು ತಮ್ಮ ಮಾತನ್ನು ತಾವೇ ನುಡಿದರು. ಧರ್ಮಶಾಸ್ತ್ರವು ಹೊರಗಿಟ್ಟದ್ದನ್ನು ಸಾಹಿತ್ಯವು ಕೇಳಿತು. ಆದುದರಿಂದ ಎರಡನ್ನೂ ಒಟ್ಟಿಗೆ ಓದತಕ್ಕದ್ದು.

ಆ ಶರಣೆಯರಲ್ಲಿ ಹೆಚ್ಚಿನವರು ಮನೆಯನ್ನು ಬಿಟ್ಟವರಲ್ಲ. ಕೊಟ್ಟಣದ ಸೋಮಮ್ಮನು ಭತ್ತ ಕುಟ್ಟಿದವಳು; ಕದಿರ ರೆಮ್ಮವ್ವೆಯು ನೂಲು ತೆಗೆದವಳು. ಆಯ್ದಕ್ಕಿಯ ಲಕ್ಕಮ್ಮನು ಅಮರೇಶ್ವರದ ಕಡೆಯಿಂದ ಗಂಡ ಮಾರಯ್ಯನೊಡನೆ ಕಲ್ಯಾಣಕ್ಕೆ ಬಂದು, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದ ಗಂಡನ ಕಾಯಕದಲ್ಲಿ ದಾಸೋಹ ನಡೆಸಿದವಳು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಬಡವರ ಮನೆಗೆ ನಾಲ್ಕು ಹಿಡಿ ಹೆಚ್ಚು ಬಂದರೆ ಹಿಗ್ಗುವದು ಲೋಕರೂಢಿ. ಲಕ್ಕಮ್ಮನು ಹಿಗ್ಗಲಿಲ್ಲ. ಈ ಆಸೆಯು ಅರಸರಿಗೆ ಇರಲಿ, ಶರಣರಿಗೆ ತರವಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂಬ ಭಾವದ ಮಾತನ್ನಾಡಿ ಗಂಡನನ್ನು ಹಿಂದಕ್ಕೆ ಕಳುಹಿದಳು.

ಇದು ಯಾವ ಬಗೆಯ ಸಾಹಿತ್ಯವು? ಅಕ್ಕಿಯ ಮಾತಾದುದರಿಂದ ಅಡುಗೆಮನೆಯದೆನ್ನಬೇಕೇ? ಮನೆಗೆ ಬರುವ ಸಂಪತ್ತಿನ ಶುದ್ಧಾಶುದ್ಧಗಳನ್ನು ನಿರ್ಣಯಿಸಿ, ತಂದ ಗಂಡನ ಕೈಯಿಂದಲೇ ಅದನ್ನು ಮರಳಿಸುವದು ಒಡೆತನದ ಲಕ್ಷಣವಲ್ಲವೇ? ಕೇಳಿದಷ್ಟು ಬೇಯಿಸಿ ಬಡಿಸುವವಳು ಮನೆಯ ಅಲಂಕಾರವು. ಈ ಅಕ್ಕಿಯು ನಮ್ಮ ಮನೆಯಲ್ಲಿ ಬೇಯತಕ್ಕದ್ದಲ್ಲವೆಂದು ಹೇಳುವವಳು ಮನೆಯ ಸ್ವಾಮಿನಿಯು. ಸತ್ಯಕ್ಕನೂ ಹೀಗೆಯೇ ಲಂಚ-ವಂಚನೆಗೆ ಕೈಯೊಡ್ಡುವದಿಲ್ಲ, ದಾರಿಯಲ್ಲಿ ಬಿದ್ದ ಹೊನ್ನು-ವಸ್ತ್ರಗಳನ್ನು ಮುಟ್ಟುವದಿಲ್ಲ ಎಂದು ಭಾಷೆ ಮಾಡಿದಳು. ಇಂದು ಗಂಡನ ಸಂಬಳಕ್ಕೆ ಮೀರಿದ ಗಂಟು ಮನೆಗೆ ಬಂದಾಗ ‘ಇದು ಎಲ್ಲಿಯದು?’ ಎಂದು ಕೇಳುವ ಧೈರ್ಯವನ್ನು ನಮ್ಮ ಹೆಣ್ಣುಮಕ್ಕಳಿಗೆ ಕಲಿಸುವ ಗ್ರಂಥವು ಇದಕ್ಕಿಂತ ಬೇರೊಂದಿರುವದೇ?

ಆದರೆ ಸಂಪಾದಕರು ಏನು ಮಾಡಿದರು? ವಚನಗಳ ಹಸ್ತಪ್ರತಿಗಳಲ್ಲಿಯೂ ಮುದ್ರಿತ ಸಂಪುಟಗಳಲ್ಲಿಯೂ ಈ ಸ್ತ್ರೀಯರಲ್ಲಿ ಎಷ್ಟೋ ಜನರ ತಲೆಬರಹವು ‘ಇಂಥವರ ಪುಣ್ಯಸ್ತ್ರೀ’ ಎಂದಿರುವದು. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಗುಂಡಯ್ಯಗಳ ಪುಣ್ಯಸ್ತ್ರೀ ಕೇತಲದೇವಿ, ಹಡಪದಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ. ಲಕ್ಕಮ್ಮನನ್ನು ಮಾರಯ್ಯನ ಪುಣ್ಯಸ್ತ್ರೀ ಎಂದು ಕರೆದಂತೆ ಮಾರಯ್ಯನನ್ನು ‘ಲಕ್ಕಮ್ಮನ ಪುಣ್ಯಪುರುಷ’ ಎಂದು ಕರೆದ ಪ್ರತಿಯು ಎಲ್ಲಿಯಾದರೂ ಉಂಟೇ? ಅವನನ್ನು ತಿದ್ದಿದವಳು ಆಕೆಯಷ್ಟೆ!

ಇದಕ್ಕೆ ಪ್ರತಿಪಕ್ಷಿಗಳು, ಲಕ್ಕಮ್ಮನೇ ತನ್ನ ಅಂಕಿತವನ್ನು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂದು ಇಟ್ಟುಕೊಂಡಿರುವಳಲ್ಲವೇ ಎನ್ನುವರು. ಇಟ್ಟುಕೊಂಡಿರುವಳು. ಆದರೆ ಆ ಅಂಕಿತವನ್ನೊತ್ತಿದ ವಚನದಿಂದಲೇ ಮಾರಯ್ಯನಿಗೆ ಕಾಯಕದ ಎಚ್ಚರಿಕೆಯನ್ನು ಕೊಟ್ಟಿರುವಳು. ಸಾಲಪತ್ರದಲ್ಲಿ ಸಾಲಗಾರನ ಹೆಸರಿರುವಂತೆ ಅಲ್ಲಿ ಗಂಡನ ಹೆಸರಿರುವದು. ಇನ್ನು ರೆಮ್ಮವ್ವೆಯ ಅಂಕಿತವನ್ನು ನೋಡಿರಿ: ‘ಕದಿರರೆಮ್ಮಿಯೊಡೆಯ ಗುಮ್ಮೇಶ್ವರ’. ಗಂಗಾಂಬಿಕೆಯದು ‘ಗಂಗಾಪ್ರಿಯ ಕೂಡಲಸಂಗ’. ದೇವರನ್ನೇ ತಮ್ಮ ಹೆಸರಿನಿಂದ ಗುರುತಿಸಿದ ಸ್ತ್ರೀಯರನ್ನು ನಾವು ಗಂಡಂದಿರ ಹೆಸರಿನಿಂದ ಗುರುತಿಸುವೆವು! ಬಸವಕಲ್ಯಾಣದಲ್ಲಿ ನೂತನ ಅನುಭವಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿದ್ದಿತು. ಗುಮ್ಮಟವು ಎಷ್ಟೇ ಎತ್ತರವಾಗಲಿ, ಅದರ ಕೆಳಗೆ ಸೋಮಮ್ಮನ ಒನಕೆಗೂ ಲಕ್ಕಮ್ಮನ ಮೊರಕ್ಕೂ ಅವರವರ ಹೆಸರಿನಲ್ಲಿಯೇ ಸ್ಥಳವಿರದಿದ್ದರೆ ಅದು ಬರಿಯ ಕಟ್ಟಡವೇ ಸರಿ.

ಈಗ ಎರಡನೆಯ ಪಕ್ಷವು. ಮನೆ ಬಿಟ್ಟವಳೇ ಸ್ವತಂತ್ರಳೆನ್ನುವವರಿಗೆ ಅಕ್ಕಮಹಾದೇವಿಯೊಬ್ಬಳೇ ಪ್ರಮಾಣವು. ಕೌಶಿಕನ ಅರಮನೆಯನ್ನು ತೊರೆದು, ಉಡುತಡಿಯಿಂದ ಕಲ್ಯಾಣದ ವರೆಗೆ ಒಂಟಿಯಾಗಿ ನಡೆದು, ಮುಂದೆ ಶ್ರೀಶೈಲದ ಕದಳಿಯಲ್ಲಿ ಐಕ್ಯಳಾದ ಆ ಮಹಾತಾಯಿಗೆ ನಾವೂ ಕೈಮುಗಿಯುವೆವು. ಆದರೆ ಆಕೆಯನ್ನು ಮುಂದಿಟ್ಟು ಉಳಿದವರನ್ನು ಹಿಂದೆ ತಳ್ಳುವದು ಆಕೆಗೇ ಮಾಡುವ ಅಪಚಾರವು. ಗಂಡನ ಮನೆಯ ಅತ್ತೆ, ಮಾವ, ಮೈದುನ, ನೆಗೆಣ್ಣಿಯರನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿ, ಒಬ್ಬೊಬ್ಬರಿಗೂ ಒಂದೊಂದು ತಾತ್ತ್ವಿಕವಾದ ಅರ್ಥವನ್ನು ಹಚ್ಚಿದ ವಚನವನ್ನು ಬರೆದವಳು ಅಕ್ಕನೇ. ಮನೆಯ ಒಳಗುಟ್ಟನ್ನು ಅರಿಯದವಳಿಗೆ ಆ ವಚನವು ಸಾಧ್ಯವೇ? ಆಕೆಯು ತೊರೆದದ್ದು ತನ್ನನ್ನು ಬಯಸಿ ಕಟ್ಟಿಕೊಂಡವನ ಮನೆಯನ್ನು. ಮನೆಯೆಂಬ ನುಡಿಯನ್ನು ತೊರೆಯಲಿಲ್ಲ. 15ನೆಯ ಶತಮಾನದ ಶೂನ್ಯಸಂಪಾದನೆಯು ಬಣ್ಣಿಸಿರುವಂತೆ, ಅನುಭವಮಂಟಪದಲ್ಲಿ ಅಲ್ಲಮಪ್ರಭುವು ಆಕೆಯನ್ನು ಪರೀಕ್ಷಿಸುವಾಗ ಕೇಳಿದ್ದು ಪತಿಯ ಕುರುಹನ್ನೇ. ಎಲ್ಲವನ್ನೂ ಬಿಟ್ಟು ಬಂದವಳನ್ನು ಸಹ ‘ನೀನು ಯಾರವಳು?’ ಎಂಬ ಪ್ರಶ್ನೆಯು ಬಿಡಲಿಲ್ಲ. ಅಂದಮೇಲೆ ಮನೆಬಿಟ್ಟ ಮಾತ್ರದಿಂದ ಬಿಡುಗಡೆಯೆನ್ನುವದು ವ್ಯಾಪ್ತಿಯಿಲ್ಲದ ಹೇತುವು.

ಇತ್ತ ನೀಲಮ್ಮನ ಕಥೆಯನ್ನು ನೋಡಿರಿ. ಕಲ್ಯಾಣದ ವಿಪ್ಲವದ ಕಾಲದಲ್ಲಿ ಬಸವಣ್ಣನು ಕೂಡಲಸಂಗಮದಿಂದ ಹಡಪದ ಅಪ್ಪಣ್ಣನನ್ನು ಕಳಿಸಿ ಆಕೆಯನ್ನು ಕರೆಸಿದನೆಂದು ಸಂಪ್ರದಾಯವು ಹೇಳುವದು. ಅಲ್ಲಿರುವ ಸಂಗಯ್ಯನು ಇಲ್ಲಿಲ್ಲವೇ ಎಂಬರ್ಥದ ಉತ್ತರವನ್ನು ಆಕೆಯು ಕೊಟ್ಟಳಂತೆ. ಗಂಡನು, ಅದರಲ್ಲಿಯೂ ಬಸವಣ್ಣನಂಥವನು, ಕರೆದಾಗ ಸಹ ತಾನಿರುವ ಎಡೆಯನ್ನೇ ಪೂರ್ಣವೆಂದು ತಿಳಿದವಳು ಯಾವ ಪಕ್ಷದವಳು? ಆಕೆಯನ್ನು ಬಾಗಿಲ ಹೊರಗೂ ಎಣಿಸುವಂತಿಲ್ಲ, ಸೆರೆಯಾಳೆಂದೂ ಕರೆಯುವಂತಿಲ್ಲ. ಮನೆಯೊಳಗಿದ್ದೂ ಒಲ್ಲೆನೆನ್ನಬಲ್ಲವಳನ್ನು ನಮ್ಮ ಸುಧಾರಕರ ಪಟ್ಟಿಯಲ್ಲಿ ಬರೆಯಲು ಕಂಬವೇ ಇಲ್ಲ!

ಕಲ್ಯಾಣದ ಅನಂತರವೂ ಈ ಧಾರೆಯು ಬತ್ತಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮನು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಹೆಸರು ಪತಿವ್ರತೆಯ ಧರ್ಮವು. ಆದರೆ ಅದೇ ಗ್ರಂಥದ ನಡುವೆ, ಹೆಣ್ಣನ್ನು ಹಳಿಯುವವರನ್ನು ಅವಿವೇಕಿಗಳೆಂದು ಜರೆದು, ತಾಯಿಯ ಋಣವನ್ನು ನೆನಪಿಗೆ ತಂದು, ಮಗ-ಮಗಳೆಂಬ ತಾರತಮ್ಯವೇಕೆಂದು ಆಕೆಯು ಕೇಳಿರುವಳು. ಗಂಡಸರು ಆ ಗ್ರಂಥದಿಂದ ವಿಧೇಯತೆಯ ಪದ್ಯಗಳನ್ನು ಮಗಳಂದಿರಿಗೆ ಬಾಯಿಪಾಠ ಮಾಡಿಸಿ, ಈ ಪ್ರಶ್ನೆಯನ್ನು ತಾವು ಬಾಯಿಪಾಠ ಮಾ­ಡಲಿಲ್ಲ. ಇನ್ನು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂದು ಅವನ್ನು ಪ್ರಕಟಿಸಿ ಮಹೋಪಕಾರ ಮಾಡಿದರು. ತವರಿನ ಸಿರಿಯನ್ನು ಹಾಡುವ ಆ ಪದಗಳಲ್ಲಿ ತಾಯಿಯಿಲ್ಲದ ತವರಿನ ತಣ್ಣಗಾದ ಒಲೆಯೂ ಅಣ್ಣನ ಹೆಂಡತಿಯ ಬಿಗಿದ ಮೋರೆಯೂ ಇರುವವು. ತಾನು ಹುಟ್ಟಿದ ಮನೆಯಲ್ಲಿ ತನ್ನ ಹಕ್ಕೆಷ್ಟು ಎಂಬುದರ ವಿಚಾರಣೆಯೇ ಅದು; ರಾಗದಲ್ಲಿ ಹೇಳಿದುದರಿಂದ ನಮಗೆ ವಿಚಾರಣೆಯೆಂದು ತೋರಲಿಲ್ಲ.

ಮೂರನೆಯ ಪಕ್ಷದವರಿಗೆ ಉತ್ತರವು ಇಷ್ಟರಿಂದಲೇ ಅರ್ಧ ಸಿದ್ಧವಾಯಿತು. ಉಳಿದರ್ಧವನ್ನು ಈಚಿನ ಕಾಲದಿಂದ ಕೊಡುವೆವು. ಬಾಲವಿಧವೆಯಾದ ನಂಜನಗೂಡು ತಿರುಮಲಾಂಬೆಯವರು 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ಬರೆದು ತಾವೇ ಪ್ರಕಟಿಸಿದರು. ಮನೆಯು ಯಾರನ್ನು ಮೂಲೆಗೆ ಕೂಡಿಸಿತ್ತೋ ಆಕೆಯೇ ಕನ್ನಡದ ಮನೆಮನೆಗೆ ಪುಸ್ತಕವನ್ನು ಕಳಿಸಿದಳು. ಕೊಡಗಿನ ಗೌರಮ್ಮನವರು (1912–1939) ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಕಥೆಗಳನ್ನು ಬರೆದರು; ಎಂಟು ಶತಮಾನ ಕಳೆದರೂ ‘ಪುಣ್ಯಸ್ತ್ರೀ’ ಎಂಬ ತಲೆಬರಹವು ಆಂಗ್ಲ ವೇಷವನ್ನು ತೊಟ್ಟು ಉಳಿದಿತ್ತೆಂದು ತಿಳಿಯತಕ್ಕದ್ದು. 1934ರಲ್ಲಿ ಗಾಂಧೀಜಿಯವರು ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಹಿಡಿದು ಬರಮಾಡಿಕೊಂಡು, ಮೈಮೇಲಿನ ಒಡವೆಗಳನ್ನು ಹರಿಜನನಿಧಿಗೆ ಕೊಟ್ಟವರು ಈಕೆಯೇ. ವಿಜ್ಞಾನೇಶ್ವರನ ಸ್ತ್ರೀಧನಪ್ರಕರಣಕ್ಕೆ ಇದಕ್ಕಿಂತ ಸುಂದರವಾದ ಉದಾಹರಣೆ ಬೇಕೇ? ಸೊತ್ತು ತನ್ನದು, ನಿರ್ಣಯವೂ ತನ್ನದು. ಅವರ ‘ಅಪರಾಧಿ ಯಾರು?’ ಎಂಬ ಕಥೆಯ ಹೆಸರೇ ಒಂದು ನ್ಯಾಯಾಸನದ ಪ್ರಶ್ನೆಯು.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಒಂದೇ ಮನೆಯ ಕಥೆಯು. ಬಾಲ್ಯದಲ್ಲಿಯೇ ವಿಧವೆಯಾಗಿ, ಇತರರ ಮಕ್ಕಳನ್ನೂ ಬಾಣಂತಿಯರನ್ನೂ ನೋಡಿಕೊಂಡು ಜೀವ ಸವೆಸಿದವಳ ಚರಿತ್ರೆಯು. ಸಂಪ್ರದಾಯದ ಸೂತಕ-ಮಡಿಗಳೆಲ್ಲ ಒಂದು ಹೆರಿಗೆಯ ಸಂಕಟದ ಮುಂದೆ ಎಷ್ಟು ಹಗುರವೆಂಬುದನ್ನು ಆ ಪುಸ್ತಕವು ತೂಗಿ ತೋರಿಸಿರುವದು. ನಮ್ಮ ಪ್ರಾಂತದವರೇ ಆದ ಕಲಬುರಗಿಯ ಗೀತಾ ನಾಗಭೂಷಣ ಅವರು, ಹೊಲಗಳಲ್ಲಿ ದುಡಿದು ಗುಡಿಸಲಿಗೆ ಮರಳುವ ಸ್ತ್ರೀಯರ ಲೋಕವನ್ನು ‘ಬದುಕು’ ಕಾದಂಬರಿಯಲ್ಲಿ ತಂದು, 2004ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಬಾನು ಮುಷ್ತಾಕ್ ಅವರ ಕಥೆಗಳಲ್ಲಿ ಮುಸಲ್ಮಾನ ಮನೆಗಳ ಒಳಕೋಣೆಯ ಸ್ತ್ರೀಯರು ತಮ್ಮ ಅಳಲನ್ನು ಹೇಳಿಕೊಂಡಿರುವರು. ದೀಪಾ ಭಾಸ್ತಿ ಅವರ ಆಂಗ್ಲ ಅನುವಾದದ ಮೂಲಕ ಆ ಕಥೆಗಳಿಗೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯು ಬಂದಿತು. ಕನ್ನಡದ ಪುಸ್ತಕವೊಂದಕ್ಕೆ ಈ ಮನ್ನಣೆಯು ದೊರೆತದ್ದು ಇದೇ ಮೊದಲು. ಅಡುಗೆಮನೆಯ ಕಿಟಕಿಯಿಂದ ಲೋಕವು ಕಾಣುವದಿಲ್ಲವೆಂದವರಿಗೆ, ಲೋಕವೇ ಆ ಕಿಟಕಿಗೆ ಬಂದು ನಿಂತದ್ದು ಕಂಡಿತೋ ಇಲ್ಲವೋ!

ಇನ್ನೊಂದು ಮಾತು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರಿನ ಮನೆಯನ್ನು ಎತ್ತಿ ಹಿಡಿದವರು ಸ್ತ್ರೀಯರು. ಭೈರಪ್ಪನವರ ‘ಗೃಹಭಂಗ’ದ (1970) ಹೆಸರಿನಲ್ಲಿಯೇ ಗೃಹವಿರುವದು, ಅದನ್ನು ಹೊತ್ತವಳು ನಂಜಮ್ಮನು. ಇವು ಮಹತ್ತಾದ ಕೃತಿಗಳೆಂಬುದರಲ್ಲಿ ವಿವಾದವಿಲ್ಲ. ಇವುಗಳಲ್ಲಿಯೂ ಒಲೆಯಿರುವದು, ಹೆರಿಗೆಯಿರುವದು, ಅತ್ತೆ-ಸೊಸೆಯರಿರುವರು. ಇವನ್ನು ಅಡುಗೆಮನೆಯ ಸಾಹಿತ್ಯವೆಂದವರು ಯಾರು? ಪುರುಷನು ಮನೆಯನ್ನು ಬರೆದರೆ ಜೀವನದರ್ಶನವು, ಸ್ತ್ರೀಯು ಬರೆದರೆ ಒಗ್ಗರಣೆಯ ವಾಸನೆಯು! ಒಂದೇ ಹೇತುವಿನಿಂದ ಎರಡು ವಿರುದ್ಧ ಸಾಧ್ಯಗಳನ್ನು ಸಾಧಿಸುವವನನ್ನು ತರ್ಕಶಾಸ್ತ್ರವು ಪಂಡಿತನೆನ್ನುವದಿಲ್ಲ. ಈ ಅಸಮತೆಯು ಸಭೆಗಳಲ್ಲಿಯೂ ಕಾಣುವದು. 1915ರಲ್ಲಿ ಮೊದಲಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಅಧ್ಯಕ್ಷೆಯು ದೊರೆತದ್ದು 1974ರ ಮಂಡ್ಯದಲ್ಲಿ. ಆಕೆಯು ಸೊಲ್ಲಾಪುರದಲ್ಲಿ ಕನ್ನಡದ ದೀಪವನ್ನು ಹಿಡಿದು, ಉತ್ತರವಯಸ್ಸಿನಲ್ಲಿ ನಮ್ಮ ಬಸವಕಲ್ಯಾಣದಲ್ಲಿಯೇ ನೆಲೆಸಿದ ಜಯದೇವಿತಾಯಿ ಲಿಗಾಡೆಯವರು.

ಹೀಗೆ ಹೇಳಿದರೆ ಮನೆಗಳು ಒಡೆಯುವವು, ಕುಟುಂಬವ್ಯವಸ್ಥೆಯು ಹಾಳಾಗುವದು ಎಂದು ಹಿರಿಯರು ಅಂಜುವರು. ನಾವೂ ಹಿರಿಯರೇ, ಮನೆಗಳು ಉಳಿಯಬೇಕೆಂಬ ಆಸೆಯು ನಮಗೂ ಕಡಿಮೆಯಿಲ್ಲ. ಆದರೆ ಲಕ್ಕಮ್ಮನು ಅಕ್ಕಿಯನ್ನು ಮರಳಿಸಿದುದರಿಂದ ಮಾರಯ್ಯನ ಮನೆಯು ಒಡೆಯಿತೇ? ಅದು ಉಳಿದದ್ದೇ ಆ ಮಾತಿನಿಂದ. ಶಾಸ್ತ್ರದಲ್ಲಿ ದೇಹಲೀದೀಪನ್ಯಾಯವೆಂದಿರುವದು. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಏಕಕಾಲಕ್ಕೆ ಬೆಳಗುವದು. ಸ್ತ್ರೀಯರ ಸಾಹಿತ್ಯವು ಅಂಥ ದೀಪವು. ಆಕೆಯನ್ನು ಗೃಹದೀಪವೆಂದು ಕರೆಯುವವರು ಆ ದೀಪವನ್ನು ಒಳಮಾಡದಲ್ಲಿಟ್ಟು ಕದವಿಕ್ಕುವರು. ಸುಧಾರಕರು ಅಂಗಳಕ್ಕೊಯ್ದು ಒಳಗನ್ನು ಕತ್ತಲಿಗೆ ಬಿಡುವರು. ದೀಪವು ಹೊಸ್ತಿಲಲ್ಲಿಯೇ ಇರಲಿ. ಒಳಗಿನ ಕಸ ಕಾಣುವದೆಂದು ದೀಪವನ್ನು ದೂರುವವನು ಕಸದ ಪಕ್ಷದವನೇ ಹೊರತು ಮನೆಯ ಪಕ್ಷದವನಲ್ಲ.

ರಾಜ್ಯಶಾಸನವು ಈ ವಿಷಯದಲ್ಲಿ ಸಾಹಿತಿಗಳಿಗಿಂತ ಮುಂದಿರುವದನ್ನು ಕಂಡರೆ ನಾಚಿಕೆಯಾಗುವದು. 2013ರ ಆಹಾರ ಭದ್ರತಾ ಕಾಯಿದೆಯು ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಸ್ತ್ರೀಯನ್ನೇ ಕುಟುಂಬದ ಮುಖ್ಯಸ್ಥಳೆಂದು ಬರೆಯಿಸಿತು. 2023ರಲ್ಲಿ ಕರ್ನಾಟಕ ಸರಕಾರವು ‘ಗೃಹಲಕ್ಷ್ಮಿ’ ಎಂಬ ಹೆಸರಿನಲ್ಲಿ ತಿಂಗಳಿಗೆ 2000 ರೂಪಾಯಿಗಳನ್ನು ಮನೆಯ ಯಜಮಾನಿಯ ಖಾತೆಗೆ ಹಾಕತೊಡಗಿತು. ಹೆಸರು ಹಳೆಯದು, ಆದರೆ ಖಾತೆಯು ಆಕೆಯದು. ಪಡಿತರ ಚೀಟಿಗೆ ತಿಳಿದ ಮಾತು ನಮ್ಮ ವಿಮರ್ಶೆಗೆ ತಿಳಿಯಬಾರದೇ?

ವಾಚಕರೇ, ಇದು ಬರಿಯ ಪುಸ್ತಕದ ವಾದವಲ್ಲ. ನಾಗರಪಂಚಮಿಗೆ ಅಣ್ಣನು ತಂಗಿಯನ್ನು ತವರಿಗೆ ಕರೆತರುವನು. ಜೋಕಾಲಿ ಕಟ್ಟಿಸುವನು, ತವರಿನ ಪದಗಳನ್ನು ಕೇಳಿ ಅವನ ಕಣ್ಣೂ ಒದ್ದೆಯಾಗುವವು. ಮರುದಿನ ಸೀರೆ ಉಡಿಸಿ, ಉಡಿ ತುಂಬಿಸಿ, ಅದೇ ಪಡಸಾಲೆಯಲ್ಲಿ ಹಕ್ಕುಬಿಡುಗಡೆಯ ಪತ್ರವನ್ನು ಮುಂದೆ ಇಟ್ಟು ‘ಇಲ್ಲೊಂದು ಸಹಿ ಮಾಡವ್ವಾ’ ಎನ್ನುವನು. ಹೊಲದ ಪಾಲು ಕೇಳಿದರೆ ತವರು ತಪ್ಪೀತೆಂಬ ಭಯದಿಂದ ಆಕೆಯು ಸಹಿ ಹಾಕುವಳು. ಇಂಥ ಪತ್ರಗಳು ಸುಶಿಕ್ಷಿತರ ಮನೆಗಳಲ್ಲಿಯೇ ಹೆಚ್ಚು ಅಚ್ಚುಕಟ್ಟಾಗಿ ಆಗುವದನ್ನು ನಮ್ಮ ದೀರ್ಘ ವಯಸ್ಸಿನಲ್ಲಿ ಕಂಡಿರುವೆವು. ಕಾಯಿದೆಯು ಒಂಬತ್ತು ಶತಮಾನಗಳಲ್ಲಿ ಕೊಟ್ಟದ್ದನ್ನು ಒಂದು ಸೀರೆಯು ಒಂದು ಮುಂಜಾವಿನಲ್ಲಿ ಮರಳಿ ಪಡೆಯುವದು. ಗೃಹಿಣಿಯೇ ಗೃಹವೆಂದು ಹಾಡಿದ ಸಾಹಿತ್ಯವು ಆ ಸೀರೆಯ ಸೆರಗಿನಲ್ಲಿ ಅಡಗಿರುವದು.

ಆದಕಾರಣ ನಮ್ಮ ಬಿನ್ನಹವು ಇಷ್ಟು. ಪಠ್ಯಗಳಲ್ಲಿ ಕಣ್ವನ ನಾಲ್ಕು ಶ್ಲೋಕಗಳಿದ್ದರೆ ಶಕುಂತಲೆಯ ಐದನೆಯ ಅಂಕವೂ ಇರಲಿ. ಶರಣೆಯರ ವಚನಗಳನ್ನು ಅವರವರ ಹೆಸರಿನಲ್ಲಿಯೇ ಅಚ್ಚುಮಾಡಿಸಲಿ. ನಮ್ಮ ಹಳ್ಳಿಗಳಲ್ಲಿ ಇನ್ನೂ ಬೀಸುವ ಪದಗಳನ್ನು ಬಲ್ಲ ಮುದುಕಿಯರಿರುವರು. ಬರೆದುಕೊಳ್ಳುವವರು ಸಂಗ್ರಾಹಕನ ಹೆಸರಿಗಿಂತ ಮೊದಲು ಹಾಡಿದವಳ ಹೆಸರನ್ನು ಬರೆಯಲಿ. ಮನೆಯಲ್ಲಿ ಸಂಜೆಗೊಮ್ಮೆ ಲಕ್ಕಮ್ಮನ ಒಂದು ವಚನವನ್ನು ಗಂಡಸರು ಓದಲಿ, ಹೆಂಗಸರು ಕೇಳಲಿ. ಮರುದಿನ ಹೆಂಗಸರು ಓದಲಿ, ಗಂಡಸರು ಕೇಳಲಿ. ಮುಂದಿನ ಪಂಚಮಿಗೆ ತಂಗಿಯು ಬಂದಾಗ ಉಡಿ ತುಂಬುವದನ್ನು ಯಾರೂ ಬಿಡಬೇಕಿಲ್ಲ. ಆ ಕಾಗದವನ್ನು ಮಾತ್ರ ಮುಂದಿಡದಿರಲಿ.